ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕಿನಲ್ಲಿ ಟೆಂಟ್ ಜಾಗ ಬುಕ್ ಮಾಡಿದವರು ಯಾರಾದರೂ ಇದ್ದೀರಾ? ಎರಡು ಸಲ ಕೂತರೂ ಸಿಗಲಿಲ್ಲ

ಕಣದಂಗಳ (ನಾಪೋಕ್ಲು), ಜನವರಿ 11

ನಮಸ್ಕಾರ ಎಲ್ಲರಿಗೂ. ನಾನು ಇಲ್ಲಿ ಕಾಳುಮೆಣಸಿನ ರೇಟು, ಸೊರಗು ರೋಗ, ಆಳು ಸಿಗದ ತಾಪತ್ರಯ ಇಷ್ಟನ್ನೇ ಕೇಳುವವನು. ಈ ಸಲದ ಪ್ರಶ್ನೆ ಸ್ವಲ್ಪ ದೂರದ್ದು. ನಗಬೇಡಿ.

ಮಗಳು, ಅಳಿಯ ಸ್ಯಾನ್ ಹೋಸೆಯಲ್ಲಿದ್ದಾರೆ. ಜೂನ್ ಮೂರನೇ ವಾರ ನಾನೂ ನಮ್ಮ ಮನೆಯವಳೂ ಅಲ್ಲಿಗೆ ಹೊರಡುತ್ತೇವೆ. ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ, ಸೆಪ್ಟೆಂಬರಿನಲ್ಲಿ, ವಾಪಸ್. ಮಳೆಗಾಲದಲ್ಲಿ ತೋಟ ಬಿಟ್ಟು ಹೋಗುವವರುಂಟಾ ಅಂತ ತಮ್ಮ ಬೈದ. ಆಮೇಲೆ ಅವನೇ, ಹೋಗಿ ಬನ್ನಿ, ನಾನು ನೋಡಿಕೊಳ್ಳುತ್ತೇನೆ ಅಂದ.

ಮೊಮ್ಮಗಳಿಗೆ ಒಂಬತ್ತು ವರ್ಷ. ಅವಳಿಗೆ ಸ್ಕೂಲಲ್ಲಿ ರೆಡ್‌ವುಡ್ ಮರದ ಬಗ್ಗೆ ಏನೋ ಪಾಠ ಆಗಿದೆ. ಈಗ ಆ ಮರದ ಕೆಳಗೆ ಟೆಂಟ್ ಹಾಕಿ ಮಲಗಬೇಕಂತೆ, ಅದೂ ತಾತನ ಜೊತೆಗೇ. "ತಾತ, ನೀನು ಕಾಡಲ್ಲೇ ಇರೋನು, ನಿನಗೆ ಟೆಂಟ್ ಹಾಕೋಕೆ ಗೊತ್ತಿರುತ್ತೆ ಅಲ್ವಾ?" ಅಂತ ವಿಡಿಯೋ ಕಾಲಲ್ಲಿ ಕೇಳಿದಳು. ಹೂಂ ಅಂದುಬಿಟ್ಟೆ. ನಿಜ ಹೇಳಬೇಕೆಂದರೆ 64 ವರ್ಷ ಕಾಡಿನ ಅಂಚಲ್ಲೇ ಕಳೆದಿದ್ದೇನೆ, ಟೆಂಟಿನಲ್ಲಿ ಒಂದು ರಾತ್ರಿಯೂ ಮಲಗಿಲ್ಲ. ಆನೆ ಓಡಾಡುವ ಜಾಗದಲ್ಲಿ ಬಟ್ಟೆ ಗೋಡೆ ನಂಬಿ ಯಾರು ಮಲಗುತ್ತಾರೆ?

ವಿಷಯಕ್ಕೆ ಬರುತ್ತೇನೆ. ಮಗಳು ಹೇಳಿದ ಜಾಗ ಫೈಫರ್ ಬಿಗ್ ಸರ್ ಸ್ಟೇಟ್ ಪಾರ್ಕ್. ಆರು ತಿಂಗಳು ಮುಂಚೆ, ಅಲ್ಲಿಯ ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದಂತೆ. ಆ ಹೊತ್ತಿಗೆ ಅವಳು ಮಗುವನ್ನು ಸ್ಕೂಲಿಗೆ ಬಿಡಲು ಕಾರಿನಲ್ಲಿರುತ್ತಾಳೆ. "ಅಪ್ಪಾ, ಆಗ ನಿಮಗೆ ರಾತ್ರಿ ಎಂಟೂವರೆ. ಟಿವಿ ಮುಂದೆ ಸುಮ್ನೆ ಕೂತಿರ್ತೀರಲ್ಲ, ನೀವೇ ಮಾಡಿ" ಅಂತ ದೀಪಾವಳಿಗೆ ಫೋನ್ ಮಾಡಿದಾಗ ಹೇಳಿ, ತನ್ನ ಅಕೌಂಟಿನ ಪಾಸ್‌ವರ್ಡ್ ಕೊಟ್ಟಳು. ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡೆ.

ಮೊದಲ ಸಲ ಜನವರಿ 3ಕ್ಕೆ ಕೂತೆ, ಜುಲೈ 3ರ ಶುಕ್ರವಾರಕ್ಕೆ. ಎರಡನೇ ಸಲ ನಿನ್ನೆ, ಜುಲೈ 10ರ ಶುಕ್ರವಾರಕ್ಕೆ. ಎರಡೂ ಸಲ ಒಂದೇ ಕಥೆ. ಎಂಟೂವರೆಗೆ ಸರಿಯಾಗಿ ಒತ್ತಿದೆ, ಆ ತಾರೀಖು ಇನ್ನೂ ಬಿಟ್ಟಿಲ್ಲ ಅನ್ನುವ ಹಾಗೆ ತೋರಿಸಿತು. ಒತ್ತಿದೆ, ಒತ್ತಿದೆ, ಒಂಬತ್ತರವರೆಗೂ ಒತ್ತಿದೆ. ನಿನ್ನೆ ಮಧ್ಯದಲ್ಲಿ ಕರೆಂಟೂ ಹೋಯಿತು. ರೂಟರಿನ ವಯರ್ ಇನ್ವರ್ಟರಿಗೆ ಸಿಕ್ಕಿಸಿ ಮತ್ತೆ ಕೂತೆ. ಈಗ ರೊಬಸ್ಟಾ ಕಾಫಿ ಕುಯ್ಲು ನಡೆಯುತ್ತಿದೆ, ಬೆಳಿಗ್ಗೆ ಆರು ಗಂಟೆಗೆ ಆಳುಗಳ ಲೈನ್ ಮನೆ ಹತ್ತಿರ ಇರಬೇಕು. ಅದಕ್ಕೆ ಒಂಬತ್ತಕ್ಕೆ ಬಿಟ್ಟು ಮಲಗಿದೆ. ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದರೆ ಒಂದು ಜಾಗವೂ ಖಾಲಿ ಇಲ್ಲ.

ನಾನು ಮಲಗಿದ್ದ ಎಂಟು ಗಂಟೆಯಲ್ಲಿ ಅಷ್ಟೂ ಜಾಗ ಯಾರು ನುಂಗಿದರು? ಅಲ್ಲೂ ಏಜೆಂಟರು ಇದ್ದಾರಾ? ನಮ್ಮ ತತ್ಕಾಲ್ ತರಹ ಬೇರೆ ಕೋಟಾ ಏನಾದರೂ ಉಂಟಾ? ಗೊತ್ತಿದ್ದವರು ದಯವಿಟ್ಟು ಹೇಳಿ. ಮಗಳಿಗೆ ಇನ್ನೂ ಹೇಳಿಲ್ಲ.

---

ಬೇಟೋಳಿ ಮೇಷ್ಟ್ರು (ವಿರಾಜಪೇಟೆ), ಜನವರಿ 11

ಕಾಡು ನೋಡುವುದಕ್ಕೆ ಕಾಡಿನ ಮನುಷ್ಯ ಅಮೆರಿಕಕ್ಕೆ ಹೋಗಿ ಕ್ಯೂ ನಿಲ್ಲುವುದು! ನಾವು ಹುಡುಗರಾಗಿದ್ದಾಗ ನಾಲ್ಕುನಾಡು ಅರಮನೆ ಹತ್ತಿರ ಬಸ್ಸಿಳಿದು, ರೊಟ್ಟಿ ಚಟ್ನಿ ಕಟ್ಟಿಕೊಂಡು ತಡಿಯಂಡಮೋಳ್ ಹತ್ತಿ ಇಳಿದು ಬರುತ್ತಿದ್ದೆವು. 1748 ಮೀಟರ್. ಯಾರನ್ನೂ ಕೇಳಲಿಲ್ಲ, ಯಾರೂ ಕೇಳಲಿಲ್ಲ.

ಇನ್ನೊಂದು. ನನ್ನ ಮಗ ಸಿಯಾಟಲ್‌ನಲ್ಲಿದ್ದಾನೆ. ಅಲ್ಲಿ ಒಂಬತ್ತು ತಿಂಗಳು ಮುಂಚೆ ಬುಕಿಂಗ್ ಶುರುವಾಗುತ್ತದೆ ಅಂತ ಅವನು ಹೇಳಿದ್ದು ನೆನಪು. ನೀವು ಆರು ಅಂತೀರಿ. ಮಗಳನ್ನು ಸರಿಯಾಗಿ ಕೇಳಿ ನೋಡಿ. ಮೂರು ತಿಂಗಳ ಹಿಂದೆಯೇ ಎಲ್ಲ ಮುಗಿದಿರಬಹುದು.

---

ವಾಪಸ್ ಬಂದವ (ಗೋಣಿಕೊಪ್ಪ), ಜನವರಿ 11

ಕಣದಂಗಳ ಸಾರ್, ನಾನು ಸ್ಯಾಕ್ರಮೆಂಟೊದಲ್ಲಿ ಹನ್ನೊಂದು ವರ್ಷ ಇದ್ದು, ಅಪ್ಪ ತೀರಿಕೊಂಡ ಮೇಲೆ ತೋಟಕ್ಕೆ ಅಂತ ವಾಪಸ್ ಬಂದವನು. ಅಲ್ಲಿದ್ದಾಗ ಪ್ರತಿ ಚಳಿಗಾಲ ಇದೇ ಕೆಲಸ ನನಗೆ. ನಿಮ್ಮ ಪೋಸ್ಟ್ ಓದಿ ನಗು ಬಂತು, ಕ್ಷಮಿಸಿ. ಏಜೆಂಟರೂ ಇಲ್ಲ, ಕೋಟಾನೂ ಇಲ್ಲ. ಜಾಗ ನುಂಗಿದ್ದು ಗಡಿಯಾರ.

ಮಗಳು ಎಂಟೂವರೆ ಅಂದಿದ್ದು ದೀಪಾವಳಿಗೆ, ಅಲ್ವಾ? ಅಕ್ಟೋಬರಿನಲ್ಲಿ ಅದು ಸರಿಯೇ. ಆದರೆ ನವೆಂಬರ್ ಮೊದಲ ಭಾನುವಾರ ಅಲ್ಲಿ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮಾರ್ಚ್ ಎರಡನೇ ಭಾನುವಾರ ಮತ್ತೆ ಮುಂದಕ್ಕೆ. ಹಾಗಾಗಿ ಈಗ ಅಲ್ಲಿ ಬೆಳಿಗ್ಗೆ 8 ಅಂದರೆ ನಮಗೆ ರಾತ್ರಿ 9.30. ನೀವು ಬಾಗಿಲು ತೆರೆಯೋಕೆ ಒಂದು ಗಂಟೆ ಮುಂಚೆ ಹೋಗಿ ಅರ್ಧ ಗಂಟೆ ತಟ್ಟಿದ್ದೀರಿ. ಸಾಕಾಗಿ ಮಲಗಿದ್ದೀರಿ. ಆಮೇಲೆ ಅರ್ಧ ಗಂಟೆಗೆ ಬಾಗಿಲು ತೆರೆದಿದೆ. ಅವತ್ತೇ ಇನ್ನರ್ಧ ಗಂಟೆ ನಿದ್ದೆಗೆಟ್ಟಿದ್ದರೆ ಸಿಗುತ್ತಿತ್ತಾ ಅಂದರೆ ಅದೂ ಕಷ್ಟವೇ. ಯಾಕೆ ಅಂತ ಹೇಳ್ತೀನಿ.

ನೀವು ಆರಿಸಿದ ತಾರೀಖು ನೋಡಿ. ಜುಲೈ 3ರ ಶುಕ್ರವಾರ. ಮಾರನೇ ದಿನ ಜುಲೈ 4, ಅವರ ಸ್ವಾತಂತ್ರ್ಯ ದಿನ. ದಸರಾ ದಶಮಂಟಪದ ರಾತ್ರಿ ಮಡಿಕೇರಿಗೆ ಹೋಗಿ ರೂಮು ಕೇಳಿದ ಹಾಗಾಯಿತು. ಜುಲೈ 10 ಅಷ್ಟು ಕೆಟ್ಟ ದಿನ ಅಲ್ಲ, ಆದರೆ ಅದೂ ಶುಕ್ರವಾರವೇ.

ಶುಕ್ರವಾರ ಯಾಕೆ ಸಿಗಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಅಲ್ಲಿ ಬುಕಿಂಗ್ ದಿನಕ್ಕೊಂದು ದಿನದಂತೆ ತೆರೆಯುತ್ತದೆ. ಜನವರಿ 10ಕ್ಕೆ ಜುಲೈ 10ರಂದು ಬಂದಿಳಿಯುವವರಿಗೆ ತೆರೆಯುತ್ತದೆ. ಆದರೆ ಅದಕ್ಕೆ ಎರಡು ದಿನ ಮುಂಚೆ, ಜನವರಿ 8ಕ್ಕೆ, ಒಬ್ಬ ಜುಲೈ 8ರ ಬುಧವಾರ ಬರುತ್ತೇನೆ ಅಂತ ನಾಲ್ಕು ರಾತ್ರಿ ಬುಕ್ ಮಾಡಿರುತ್ತಾನೆ. ಶುಕ್ರ ಶನಿ ಎರಡೂ ಅವನ ಕೈಯಲ್ಲಿ. ಇನ್ನೊಬ್ಬ ಗುರುವಾರದಿಂದ ಹಿಡಿದಿರುತ್ತಾನೆ. ಶುಕ್ರವಾರದ ಸರದಿ ಬರುವ ಹೊತ್ತಿಗೆ ಅಳಿದುಳಿದದ್ದು ನಾಲ್ಕಾರು ಜಾಗ, ಅದಕ್ಕೆ ನೂರಾರು ಜನ. ಬೆಂಗಳೂರಲ್ಲೇ ತುಂಬಿದ ಬಸ್ಸಿಗೆ ಮೈಸೂರಲ್ಲಿ ನಿಂತು ಸೀಟು ಕೇಳಿದ ಹಾಗೆ.

ಹಾಗಾಗಿ ನನ್ನ ಮಾತು ಕೇಳಿ. ವೀಕೆಂಡ್ ಬಿಟ್ಟುಬಿಡಿ. ಭಾನುವಾರ ರಾತ್ರಿಯಿಂದ ಗುರುವಾರದ ತನಕ ಯಾವುದಾದರೂ ಎರಡು ರಾತ್ರಿ ನೋಡಿ. ಜುಲೈನಲ್ಲಿ ಮಗುವಿಗೆ ರಜಾ. ನೀವಿಬ್ಬರೂ ಅಲ್ಲಿ ಸುಮ್ನೆ ಕೂತಿರುವವರೇ. ಅಳಿಯ ಎರಡು ದಿನ ರಜಾ ಹಾಕಿದರೆ ಮುಗಿಯಿತು. ಜುಲೈ 13 ಸೋಮವಾರ. ಅದು ತೆರೆಯುವುದು ನಾಡಿದ್ದು, 13ನೇ ತಾರೀಖು ಮಂಗಳವಾರ ರಾತ್ರಿ 9.30ಕ್ಕೆ.

ಅವತ್ತೂ ತಪ್ಪಿದರೆ ಬೇರೆ ಪಾರ್ಕು ನೋಡಿ. ಎಲ್ಲರಿಗೂ ಬಿಗ್ ಸರ್ ಒಂದೇ ಯಾಕೆ ಬೇಕೋ. ಸ್ಯಾನ್ ಹೋಸೆಗೆ ಹತ್ತಿರ ಸ್ಯಾಂಟಾ ಕ್ರೂಝ್ ಗುಡ್ಡದಲ್ಲೇ ರೆಡ್‌ವುಡ್ ಇದೆ: ಹೆನ್ರಿ ಕೊವೆಲ್, ಪೋರ್ಟೊಲಾ, ಬುಟಾನೊ. ಪೋರ್ಟೊಲಾ ನನಗೆ ಇಷ್ಟ, ರಸ್ತೆ ನಮ್ಮ ಕರಿಕೆ ದಾರಿಯ ಹಾಗೆ ಸುತ್ತುತ್ತದೆ, ಅದಕ್ಕೇ ಜನ ಕಮ್ಮಿ. ಅದೇ ಗುಡ್ಡದ ಬಿಗ್ ಬೇಸಿನ್ ಕ್ಯಾಲಿಫೋರ್ನಿಯಾದ ಅತಿ ಹಳೆಯ ಸ್ಟೇಟ್ ಪಾರ್ಕು, 1902ರದ್ದು. ಆದರೆ 2020ರ ಆಗಸ್ಟಿನ ಕಾಡ್ಗಿಚ್ಚು ಅದನ್ನು ಬಹುಪಾಲು ಸುಟ್ಟಿತು. ದೊಡ್ಡ ಮರಗಳು ಮಾತ್ರ ತೊಗಟೆ ಕರಕಲಾದರೂ ಮತ್ತೆ ಚಿಗುರಿದವು, ರೆಡ್‌ವುಡ್ ಗುಣವೇ ಹಾಗೆ. ನಿಜವಾಗಿ ತಲೆಯೆತ್ತಿ ಕತ್ತು ನೋಯುವ ಮರ ನೋಡಬೇಕೆಂದರೆ ಉತ್ತರಕ್ಕೆ ಹಂಬೋಲ್ಟ್ ರೆಡ್‌ವುಡ್ಸ್ ತನಕ ಹೋಗಬೇಕು. ಕಾರಲ್ಲಿ ಸುಮಾರು ಐದು ಗಂಟೆ ಬೇಕು. ನಿಮ್ಮ ತೋಟದ ಅತಿ ಎತ್ತರದ ಸಿಲ್ವರ್ ಓಕ್ ಮೇಲೆ ಇನ್ನೆರಡು ಸಿಲ್ವರ್ ಓಕ್ ನಿಲ್ಲಿಸಿದರೂ ಅಲ್ಲಿಯ ಕೆಲವು ಮರದ ತುದಿ ಮುಟ್ಟಲ್ಲ. ಆ ಜಾತಿಯಲ್ಲಿ ಅತಿ ಎತ್ತರದ್ದು ಸುಮಾರು 115 ಮೀಟರ್ ಇದೆ.

ಮೇಷ್ಟ್ರೇ, ನಿಮ್ಮ ಮಗ ಹೇಳಿದ್ದೂ ಸುಳ್ಳಲ್ಲ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಲೆಕ್ಕ, ಸಿಯಾಟಲ್ ಇರುವುದು ವಾಷಿಂಗ್ಟನ್ ರಾಜ್ಯದಲ್ಲಿ. ವಾಷಿಂಗ್ಟನ್‌ನಲ್ಲಿ ಒಂಬತ್ತು ತಿಂಗಳು, ಒರೆಗಾನ್‌ನಲ್ಲಿ ಆರು, ಟೆಕ್ಸಾಸ್‌ನಲ್ಲಿ ಐದು. ಫ್ಲಾರಿಡಾದಲ್ಲಿ 2024ರಿಂದ ಊರಿನವರಿಗೆ ಹನ್ನೊಂದು ತಿಂಗಳು, ಹೊರಗಿನವರಿಗೆ ಹತ್ತು. ಈ ಕೊನೆಯದ್ದು ನನಗೆ ಬಹಳ ಇಷ್ಟವಾಯಿತು. ನಮ್ಮಲ್ಲೂ ಯಾರಾದರೂ ಯೋಚನೆ ಮಾಡಬೇಕು.

---

ಕೆರೆದಡದ ಹುಡುಗ (ಸೋಮವಾರಪೇಟೆ), ಜನವರಿ 12

ಅಂಕಲ್, ವಾಪಸ್ ಬಂದವ ಅಣ್ಣ ದೊಡ್ಡದೆಲ್ಲ ಹೇಳಿದ್ದಾರೆ. ನಾನು ಸಣ್ಣದು ಹೇಳುತ್ತೇನೆ. ಇವುಗಳಿಂದಲೇ ಕೈತಪ್ಪುವುದು ಜಾಸ್ತಿ.

ದುಡ್ಡು ಕಟ್ಟೋಕೆ ನಿಮ್ಮ ಕಾರ್ಡಾ, ಮಗಳ ಕಾರ್ಡಾ? ನಿಮ್ಮದಾದರೆ ಬ್ಯಾಂಕಿನ ಆಪ್‌ನಲ್ಲಿ ವಿದೇಶಿ ವ್ಯವಹಾರ ಆನ್ ಇದೆಯಾ ನೋಡಿ. 2020ರಿಂದ ಹೊಸ ಕಾರ್ಡುಗಳಲ್ಲಿ ಅದನ್ನು ನಾವೇ ಆನ್ ಮಾಡಿಕೊಳ್ಳಬೇಕು. ಒಟಿಪಿ ಬರುತ್ತೆ ಅಂತ ಫೋನ್ ಹಿಡಿದು ಕಾಯಬೇಡಿ, ಅಲ್ಲಿಯ ಎಷ್ಟೋ ವೆಬ್‌ಸೈಟುಗಳು ಒಟಿಪಿ ಕೇಳುವುದೇ ಇಲ್ಲ. ನನ್ನ ಕೇಳಿದರೆ ಮಗಳ ಕಾರ್ಡನ್ನೇ ಹಾಕಿ. ಹೆಸರೂ ಅವರದೇ ಇರಲಿ, ಗೇಟಲ್ಲಿ ಗುರುತಿನ ಚೀಟಿ ಕೇಳಿದರೆ ತೋರಿಸುವುದು ಅವರೇ ತಾನೆ.

ಒಂಬತ್ತೂಕಾಲಿಗೇ ಲಾಗಿನ್ ಆಗಿ. ಪಾರ್ಕಿನ ಮ್ಯಾಪ್ ಮೊದಲೇ ತೆರೆದು ನಾಲ್ಕು ಸೈಟ್ (ಅಂದರೆ ಟೆಂಟ್ ಹಾಕುವ ಜಾಗ) ನಂಬರ್ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಒಂದೇ ಒಂದು ಮನಸ್ಸಿಗೆ ಹಾಕಿಕೊಂಡರೆ ಅದು ಹೋದಾಗ ಕೈಕಾಲು ಆಡಲ್ಲ. ಕರೆಂಟ್ ನಂಬಬೇಡಿ, ಪಕ್ಕದಲ್ಲಿ ಮೊಬೈಲ್ ಹಾಟ್‌ಸ್ಪಾಟ್ ರೆಡಿ ಇರಲಿ.

ಸಿಗದಿದ್ದರೂ ಬೇಜಾರು ಮಾಡಿಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಬುಕಿಂಗ್ ಸೈಟಿನಲ್ಲಿ, ಬೇಕಾದ ತಾರೀಖು ಕೊಟ್ಟರೆ ಯಾರಾದರೂ ರದ್ದು ಮಾಡಿದಾಗ ಮೆಸೇಜ್ ಕಳಿಸುವ ವ್ಯವಸ್ಥೆ ಇದೆ. ಜೂನ್ ಹೊತ್ತಿಗೆ ತುಂಬಾ ಜನ ಪ್ಲಾನ್ ಬದಲಾಯಿಸಿ ಬಿಟ್ಟುಕೊಡುತ್ತಾರೆ.

ಮೇಷ್ಟ್ರೇ, ಕೇಳದೆ ಹತ್ತುವ ಕಾಲ ಮುಗಿಯಿತು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಜನ ಇರುವೆ ಸಾಲಿನ ಹಾಗೆ ನಿಂತ ಫೋಟೋ ನೀವೂ ನೋಡಿರುತ್ತೀರಿ. ನಮ್ಮ ಕಡೆ ಬೀಡಹಳ್ಳಿಯಿಂದ ನಾನು ಹತ್ತಾರು ಸಲ ಹತ್ತಿದ್ದೇನೆ, ಅಂಥದ್ದು ಕಂಡಿರಲಿಲ್ಲ. ಅದಾದ ಮೇಲೇ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಆಗಿದ್ದು. ಈಗ ಅರಣ್ಯ ವಿಹಾರ ಅಂತ ಇಲಾಖೆಯ ಸೈಟೇ ಇದೆ. ಟೆಂಟ್ ಹಾಕಿ ರಾತ್ರಿ ಉಳಿಯೋಕಂತೂ ಬೆಟ್ಟದ ಮೇಲೆ ಬಿಡುವುದೇ ಇಲ್ಲ. ಅಂಕಲ್ ಮೊಮ್ಮಗಳನ್ನು ಇಲ್ಲಿಗೆ ಕರೆಸಿದರೂ ಅವಳ ಆಸೆ ತೀರಲ್ಲ.

---

ಬೇಟೋಳಿ ಮೇಷ್ಟ್ರು (ವಿರಾಜಪೇಟೆ), ಜನವರಿ 12

ತೋಟದ ಅಂಗಳದಲ್ಲಿ ಹಾಕಿಕೊಳ್ಳಲಿ. ಯಾರ ಬುಕಿಂಗೂ ಬೇಡ.

---

ಕಣದಂಗಳ (ನಾಪೋಕ್ಲು), ಜನವರಿ 12

ವಾಪಸ್ ಬಂದವರೇ, ನಿಮ್ಮ ಉತ್ತರವನ್ನು ಮನೆಯವಳಿಗೆ ಓದಿ ಹೇಳಿದೆ. ಗಡಿಯಾರದ ಭಾಗಕ್ಕೆ ಬಂದಾಗ ಅವಳು ಒಳಗೆ ಹೋಗಿ ನಕ್ಕು ಬಂದಳು. ಮಗಳಿಗೂ ಫೋನ್ ಮಾಡಿದೆ. "ಅಯ್ಯೋ ಅಪ್ಪಾ, ಟೈಮ್ ಬದಲಾಗಿದ್ದು ಹೇಳೋಕೇ ಮರೆತೆ" ಅಂದಳು. ಅಳಿಯ ರಜಾ ಹಾಕುತ್ತಾನಂತೆ. ಅಷ್ಟು ಸುಲಭವಾಗಿ ಒಪ್ಪಿದ್ದು ನೋಡಿದರೆ ಮೊದಲೇ ಕೇಳಬಹುದಿತ್ತು.

ಒಂದು ಅನುಮಾನ. ಎರಡು ಪಾರ್ಕಿನಲ್ಲಿ ಬುಕ್ ಮಾಡಿಟ್ಟು, ಆಮೇಲೆ ಬೇಡದ್ದನ್ನು ಬಿಟ್ಟರೆ ಆಗುತ್ತಾ? ರಾತ್ರಿಗೆ ಎಷ್ಟಾಗುತ್ತದೆ?

---

ಕಕ್ಕಬ್ಬೆ ಹೋಂಸ್ಟೇ ಅಕ್ಕ, ಜನವರಿ 12

ಇದಕ್ಕೆ ನಾನು ಉತ್ತರ ಹೇಳುತ್ತೇನೆ, ಅಮೆರಿಕ ನೋಡಿಲ್ಲದಿದ್ದರೂ. ಹಾಗೆ ಮಾಡಬೇಡಿ ಅಣ್ಣ.

ನಮ್ಮದು ಮೂರು ರೂಮಿನ ಹೋಂಸ್ಟೇ. ಹೋದ ಡಿಸೆಂಬರ್ ಕೊನೆಯ ವಾರ ಒಂದು ಗುಂಪು ಮೂರೂ ರೂಮು ಹಿಡಿದಿತ್ತು, ಎಂಟು ಜನ. ಆ ವಾರ ಬೇರೆ ಹನ್ನೆರಡು ಫೋನ್ ಬಂತು, ಎಲ್ಲರಿಗೂ ಇಲ್ಲ ಅಂದೆ. ಅವತ್ತು ಮಧ್ಯಾಹ್ನ ಕಡುಬಿಗೆ ತರಿ ಹುರಿದು, ಕೋಳಿಗೆ ಮಸಾಲೆ ಅರೆದು ಇಟ್ಟೆ. ಸಂಜೆ ಏಳಾಯಿತು, ಎಂಟಾಯಿತು. ಫೋನ್ ಮಾಡಿದರೆ ಎತ್ತಲಿಲ್ಲ. ಒಂಬತ್ತಕ್ಕೆ ಒಂದು ಮೆಸೇಜ್: "ಸಾರಿ ಆಂಟಿ, ಚಿಕ್ಕಮಗಳೂರಲ್ಲಿ ಉಳ್ಕೊಂಡ್ವಿ." ಎರಡೂ ಕಡೆ ಬುಕ್ ಮಾಡಿಟ್ಟಿದ್ದರು. ಆ ಕೋಳಿಯನ್ನು ನಾವಿಬ್ಬರೂ ಮೂರು ದಿನ ತಿಂದೆವು.

ಜನ ಮುನಿಸಿಕೊಳ್ಳುತ್ತಾರೆ ಅಂತ ಮೊದಲೆಲ್ಲ ಮುಂಗಡ ತೆಗೆದುಕೊಳ್ಳುತ್ತಿರಲಿಲ್ಲ. ಈಗ ಅರ್ಧ ದುಡ್ಡು ಬರದೆ ರೂಮು ಹಿಡಿದಿಡುವುದಿಲ್ಲ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

---

ವಾಪಸ್ ಬಂದವ (ಗೋಣಿಕೊಪ್ಪ), ಜನವರಿ 12

ಅಕ್ಕ ಹೇಳಿದ್ದು ಅಲ್ಲಿಯೂ ಇದ್ದ ರೋಗವೇ. ನಾನಿದ್ದಾಗ ಎಷ್ಟೋ ಸಲ ನೋಡಿದ್ದೇನೆ. ವೆಬ್‌ಸೈಟಿನಲ್ಲಿ ಪೂರ್ತಿ ಭರ್ತಿ, ಹೋಗಿ ನೋಡಿದರೆ ಕ್ಯಾಂಪಿನಲ್ಲಿ ಅಲ್ಲಲ್ಲಿ ಖಾಲಿ ಮೇಜು. ರದ್ದು ಮಾಡೋಕೆ ಸೋಮಾರಿತನ, ಜುಜುಬಿ ದುಡ್ಡು, ಹೋದರೆ ಹೋಗಲಿ ಅನ್ನುವ ಜನ. ಕಡೆಗೆ 2023ರಲ್ಲಿ ಇದಕ್ಕಾಗಿಯೇ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನು ತಂದರು. ತಡವಾಗಿ ರದ್ದು ಮಾಡಿದವರು ಮೊದಲ ರಾತ್ರಿಯ ದುಡ್ಡು ಕಳೆದುಕೊಳ್ಳಬೇಕು, ಹೇಳದೆ ಕೇಳದೆ ತಪ್ಪಿಸಿಕೊಂಡವರು ಪೂರ್ತಿ. ಸಾರ್, ಎರಡು ಕಡೆ ಹಿಡಿಯಬೇಡಿ. ಒಂದು ಹಿಡಿಯಿರಿ, ಬೇಡವಾದರೆ ವಾರಗಟ್ಟಲೆ ಮುಂಚೆ ಬಿಡಿ. ಇನ್ನೊಬ್ಬರ ಮೊಮ್ಮಗಳಿಗೆ ಸಿಗುತ್ತದೆ.

ರಾತ್ರಿಗೆ ಹೆಚ್ಚಿನ ಕಡೆ 35 ಡಾಲರ್ ಆಸುಪಾಸು. ಹೊಳೆ ದಡದ ಸೈಟಾದರೆ ಜಾಸ್ತಿ. ಬುಕಿಂಗ್ ಚಾರ್ಜ್ ಅಂತ ಹತ್ತಿರ ಹತ್ತಿರ 8 ಡಾಲರ್ ಬೇರೆ. ಇದು ತಲೆಗೆ ಅಲ್ಲ, ಜಾಗಕ್ಕೆ. ಸಾಮಾನ್ಯವಾಗಿ ಒಂದು ಸೈಟಿನಲ್ಲಿ ಎಂಟು ಜನರ ತನಕ ಇರಬಹುದು, ನೀವು ಐದೇ ಜನ.

---

ಕಣದಂಗಳ (ನಾಪೋಕ್ಲು), ಜನವರಿ 14

ಸಿಕ್ಕಿತು!

ನಿನ್ನೆ ಕಥೆ ಹೇಳಲೇಬೇಕು. ಸಂಜೆ ಕಣದಲ್ಲಿ ಕಾಫಿ ಗುಡ್ಡೆ ಹಾಕಿಸಿ, ಟಾರ್ಪಲ್ ಮುಚ್ಚಿಸಿ, ಏಳಕ್ಕೇ ಊಟ ಮಾಡಿದೆ. ಒಂಬತ್ತಕ್ಕೆ ನಿದ್ದೆ ತೂಗಿಕೊಂಡು ಬಂತು. ಮನೆಯವಳು ಕಟ್ಟಾ ಕಾಫಿ ಕೊಟ್ಟು ಎದುರಿಗೇ ಕೂತಳು. ಮೇಜಿನ ಮೇಲೆ ಸೋಮವಾರಪೇಟೆಯ ಹುಡುಗ ಹೇಳಿದ ಹಾಗೆ ನಾಲ್ಕು ನಂಬರ್ ಬರೆದ ಚೀಟಿ. ಪಕ್ಕದಲ್ಲಿ ಫೋನಿನ ಹಾಟ್‌ಸ್ಪಾಟ್. ತಮ್ಮನೂ ಬಂದಿದ್ದ, ಏನು ನಡೆಯುತ್ತದೆ ನೋಡೋಣ ಅಂತ.

ಒಂಬತ್ತು ಇಪ್ಪತ್ತೊಂಬತ್ತಕ್ಕೆ ಮೂವರೂ ಉಸಿರು ಹಿಡಿದು ಕೂತೆವು. ಗೋಡೆ ಗಡಿಯಾರ ನೋಡಬೇಡ, ಫೋನ್ ನೋಡು ಅಂದ ತಮ್ಮ. ಒಂಬತ್ತೂವರೆ ಆಯಿತು. ಜುಲೈ 13 ತೆರೆಯಿತು. ನಾನು ಆರಿಸಿದ್ದು ಹೊಳೆ ಪಕ್ಕದ ಸೈಟು. ಒತ್ತಿದೆ. ಎರಡು ರಾತ್ರಿ ಅಂತ ಹಾಕುವಷ್ಟರಲ್ಲಿ ಅದು ಹೋಗಿಯೇ ಹೋಯಿತು. ನನ್ನ ಬೆರಳು ಕಾಫಿ ಕಿತ್ತು ಒರಟಾದದ್ದು, ಆ ಸಣ್ಣ ಗುಂಡಿ ಒಂದೇ ಸಲಕ್ಕೆ ಒತ್ತಿಕೊಳ್ಳಲ್ಲ. ಎರಡನೆಯದೂ ಹೋಯಿತು. "ಕೊಡಿ ಇಲ್ಲಿ" ಅಂತ ಮನೆಯವಳು ಮೌಸ್ ಕಿತ್ತುಕೊಂಡಳು. ಮೂರನೆಯ ನಂಬರ್ ಅವಳೇ ಒತ್ತಿದ್ದು. ಕಾರ್ಟಿಗೆ ಬಿತ್ತು. ದುಡ್ಡು ಕಟ್ಟಿ ಮುಗಿಯುವ ತನಕ ತಮ್ಮ ಏನೂ ಮಾತಾಡಬೇಡಿ ಅಂತ ಕೈ ಅಡ್ಡ ಹಿಡಿದು ನಿಂತಿದ್ದ.

ಸೋಮವಾರ, ಮಂಗಳವಾರ ಎರಡು ರಾತ್ರಿ. ಅದೇ ಬಿಗ್ ಸರ್.

ಆಮೇಲೆ ಮ್ಯಾಪ್ ದೊಡ್ಡದು ಮಾಡಿ ನೋಡಿದರೆ ನಮ್ಮ ಸೈಟು ಟಾಯ್ಲೆಟ್ಟಿನ ಪಕ್ಕದಲ್ಲೇ. ಹೊಳೆ ದೂರ. ನನಗೆ ಸ್ವಲ್ಪ ಪಿಚ್ಚೆನಿಸಿತು. "ಅದಕ್ಕೇ ಅದನ್ನ ಒತ್ತಿದ್ದು" ಅಂದಳು ಮನೆಯವಳು. ರಾತ್ರಿ ಎರಡು ಸಲ ಏಳುವವಳು ಅವಳು. ಚೀಟಿಯಲ್ಲಿ ಮೂರನೇ ನಂಬರನ್ನು ಅವಳೇ ಬರೆದಿದ್ದಳು ಅಂತ ನನಗೆ ಆಗಲೇ ಗೊತ್ತಾಗಿದ್ದು.

ವಾಪಸ್ ಬಂದವರೇ, ಕೊನೆಯ ಪ್ರಶ್ನೆಗಳು. ಅಲ್ಲಿ ಕರಡಿ ಉಂಟಾ? ಮಳೆ? ಮತ್ತೆ, ಅಳಿಯನಿಗೆ ಕಾಡಲ್ಲಿ ಪಂದಿಕರಿ (ಹಂದಿ ಸಾರು) ಮಾಡಿ ತಿನ್ನಬೇಕಂತೆ. ಅದಕ್ಕೆ ಹಾಕುವ ಕಪ್ಪು ಹುಳಿ, ನಮ್ಮ ಕಾಚಂಪುಳಿ, ಇಲ್ಲಿಂದ ತೆಗೆದುಕೊಂಡು ಹೋಗಬಹುದಾ?

---

ವಾಪಸ್ ಬಂದವ (ಗೋಣಿಕೊಪ್ಪ), ಜನವರಿ 14

ಅಮ್ಮನಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ ಹೇಳಿ ಸಾರ್. ಟಾಯ್ಲೆಟ್ ಹತ್ತಿರದ ಸೈಟು ಅಂದರೆ ಏನು ಅಂತ ನಿಮಗೆ ಮೊದಲ ರಾತ್ರಿ ಎರಡು ಗಂಟೆಗೆ ಅರ್ಥವಾಗುತ್ತದೆ.

ಜುಲೈನಲ್ಲಿ ಅಲ್ಲಿ ಮಳೆ ಇಲ್ಲ. ಕಡಲ ಕಡೆಯಿಂದ ಮಂಜು ಬರುತ್ತದೆ, ರಾತ್ರಿ ಚಳಿ ನಮ್ಮ ಮಡಿಕೇರಿಯ ಡಿಸೆಂಬರ್ ಹಾಗೆ. ಬೇಸಿಗೆ ಅಂತ ನಂಬಿ ಹೋಗಿ ನಾನು ಮೊದಲ ಸಲ ಕಾರೊಳಗೆ ಮಲಗಿದ್ದೇನೆ. ಸ್ವೆಟರ್ ಮರೆಯಬೇಡಿ.

ಕರಡಿಗಿಂತ ಅಲ್ಲಿ ರಕೂನ್ ಕಾಟ ಜಾಸ್ತಿ. ನಮ್ಮ ಪುನುಗು ಬೆಕ್ಕಿನ ಗಾತ್ರ, ಮಂಗನ ಬುದ್ಧಿ. ಸೈಟಿನಲ್ಲಿ ತಿಂಡಿ ಇಡೋಕೆ ಪೆಟ್ಟಿಗೆ ಇರುತ್ತದೆ, ಊಟದ ಸಾಮಾನು, ಟೂತ್‌ಪೇಸ್ಟ್ ಸಹ ಅದರೊಳಗೇ ಇಡಿ. ಟೆಂಟಿನೊಳಗೆ ಬಿಸ್ಕೆಟ್ ಇಟ್ಟುಕೊಂಡು ಮಲಗಬೇಡ ಅಂತ ಮಗುವಿಗೆ ಹೇಳಿ.

ದಾರಿ ಬಿಟ್ಟು ಪೊದೆಗೆ ನುಗ್ಗಬೇಡಿ. ಪಾಯಿಸನ್ ಓಕ್ ಅಂತ ಮೂರೆಲೆಯ ಗಿಡ ಇದೆ. ನಮ್ಮ ಚೇರು ಮರದ ಕುಟುಂಬದ್ದೇ. ಚೇರಿನ ಸೊನೆ ತಾಗಿ ಮೈ ಊದಿಕೊಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಮೊಮ್ಮಗಳಿಗೆ ಗಿಡ ಪರಿಚಯ ಮಾಡಿಸುವ ಹುರುಪಿನಲ್ಲಿ ಮುಟ್ಟಿಬಿಟ್ಟೀರಿ.

ಸೌದೆ ಮನೆಯಿಂದ ಒಯ್ಯಬೇಡಿ, ಕ್ಯಾಂಪಿನಲ್ಲೇ ಕೊಳ್ಳಿ. ಸೌದೆಯ ಜೊತೆ ಹುಳ, ರೋಗ ಒಂದು ಕಾಡಿಂದ ಇನ್ನೊಂದು ಕಾಡಿಗೆ ಹೋಗುತ್ತದೆ ಅಂತ ಅಲ್ಲಿ ಬಹಳ ಹೇಳುತ್ತಾರೆ. ಬಿಳಿ ಕಾಂಡಕೊರಕ ಹುಳ ಬಿದ್ದ ಕಾಫಿ ಗಿಡ ಕಿತ್ತು ಸುಟ್ಟವರು ನಾವು, ಆ ಮಾತನ್ನು ನಾವಾದರೂ ಕೇಳಬೇಕು.

ಸ್ಯಾನ್ ಹೋಸೆಯಿಂದ ಎರಡೂವರೆ ಗಂಟೆ ದಾರಿ. ಹೊರಡುವ ಹಿಂದಿನ ದಿನ ಹೆದ್ದಾರಿ 1 ತೆರೆದಿದೆಯಾ ಅಂತ ಅಳಿಯ ನೋಡಿಕೊಳ್ಳಲಿ. ಗುಡ್ಡ ಕುಸಿದು ಆ ರಸ್ತೆ ಆಗಾಗ ಮುಚ್ಚುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡ ಕುಸಿದದ್ದು ಕಂಡವರಿಗೆ ಇದೇನು ಹೊಸದಲ್ಲ. ಬುಕಿಂಗ್ ಕಾಗದ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ, ಅಲ್ಲಿ ಮೊಬೈಲ್ ಸಿಗ್ನಲ್ ಸಿಕ್ಕರೆ ಪುಣ್ಯ. ಮಧ್ಯಾಹ್ನ ಎರಡರ ಮೇಲೆ ಸೈಟಿಗೆ ಬಿಡುತ್ತಾರೆ, ಹೊರಡುವ ದಿನ ಹನ್ನೆರಡಕ್ಕೆ ಖಾಲಿ ಮಾಡಬೇಕು. ರಾತ್ರಿ ಹತ್ತರ ಮೇಲೆ ಗಲಾಟೆ ಇಲ್ಲ. ವಾಲಗ ಊದಿಸಬೇಡಿ.

ಇನ್ನು ಕಾಚಂಪುಳಿ. ಸಣ್ಣ ಬಾಟಲಿ, ಮುಚ್ಚಳಕ್ಕೆ ಟೇಪು, ಅದರ ಮೇಲೆ ಎರಡು ಪ್ಲಾಸ್ಟಿಕ್ ಕವರ್, ಚೆಕ್-ಇನ್ ಪೆಟ್ಟಿಗೆಯ ನಡುವೆ. ವಿಮಾನ ಇಳಿದ ಮೇಲೆ ಫಾರ್ಮ್ ಕೇಳಿದರೆ ತಿನ್ನುವ ಸಾಮಾನು ಇದೆ ಅಂತ ಮುಚ್ಚಿಡದೆ ಬರೆಯಿರಿ. ಮಾಂಸ ಮಾತ್ರ ಇಲ್ಲಿಂದ ಒಯ್ಯಬೇಡಿ, ಒಣಗಿಸಿದ್ದೂ ಬೇಡ, ಕಿತ್ತುಕೊಳ್ಳುತ್ತಾರೆ. ಹಂದಿ ಅಲ್ಲಿಯ ಅಂಗಡಿಯಲ್ಲೇ ಸಿಗುತ್ತದೆ. ಕೊಬ್ಬು ಇರುವ ತುಂಡು ಕೇಳಿ ಕೊಳ್ಳಿ, ಸುಮ್ನೆ ಕೊಟ್ಟರೆ ಕೊಬ್ಬೆಲ್ಲ ಕೆತ್ತಿ ಕೊಡುತ್ತಾರೆ.

---

ಕಣದಂಗಳ (ನಾಪೋಕ್ಲು), ಜನವರಿ 14

ಕಾಚಂಪುಳಿಗೆ ಬಾಟಲಿ ಈಗಲೇ ತೊಳೆದು ಬಿಸಿಲಿಗೆ ಇಟ್ಟಿದ್ದಾಳೆ. ಇನ್ನೂ ಐದು ತಿಂಗಳಿದೆ ಮಾರಾಯ್ತಿ ಅಂದರೆ ಕೇಳುವುದಿಲ್ಲ.

ಮೇಷ್ಟ್ರೇ, ನಿಮ್ಮ ಮಾತೂ ಹಿಡಿಸಿತು. ಮಗಳು ಒಂದು ಟೆಂಟ್ ಇಲ್ಲಿಗೇ ಕಳಿಸುತ್ತಾಳಂತೆ, ಹಾಕಿ ಅಭ್ಯಾಸ ಮಾಡಿಕೊಳ್ಳಲಿ ಅಂತ. ಕುಯ್ಲು ಮುಗಿದು ಕಣ ಖಾಲಿಯಾಗಲಿ, ಅಲ್ಲೇ ಹಾಕಿ ನೋಡುತ್ತೇನೆ. ಆನೆ ಬಂದರೆ ನಿಮಗೇ ಫೋನ್.